ವೈಫೈ ಮೇಲಿನ ಬೋಗುಣಿ

“ಮೂರು ಸಲ ಫೋನ್ ಮಾಡಿದ ಮ್ಯಾಲೆ ಬರೂದೇನ್ರಿ?” ಬೈಲಹೊಂಗಲದ ನಮ್ಮ ಮನೆ ಬಾಗಿಲಲ್ಲೇ ಲೈನ್‌ಮನ್‌ನನ್ನು ಗದರಿದೆ. ಊರಿಗೆ ವೈಫೈ ಹೊಸದಾಗಿದ್ದ ಕಾಲ. ಬೆಳಗಿನಿಂದ ಅದರ ವೇಗ ಕುಸಿದಿತ್ತು. ಮರುದಿನ ಧಾರವಾಡದಲ್ಲಿ ಮಗಳಿಗೆ ಪರೀಕ್ಷೆ. ಪ್ರವೇಶಪತ್ರದ ಡೌನ್‌ಲೋಡ್ ಪ್ರತಿಸಲವೂ ಅರ್ಧಕ್ಕೇ ನಿಲ್ಲುತ್ತಿತ್ತು. ಕಡೇ ದಿನದವರೆಗೆ ಬಿಟ್ಟಳೆಂದು ಅವಳನ್ನೂ ಬೈದು ಅಳಿಸಿದ್ದೆ.

ಆತ ತಂತಿ ಪರೀಕ್ಷಿಸಿದ. ಲೈನು ಸರಿಯಿತ್ತು. ಆಮೇಲೆ ಕಪಾಟಿನ ಮೇಲೆ ಬೋರಲು ಹಾಕಿದ್ದ ಹಿತ್ತಾಳೆ ಬೋಗುಣಿಯನ್ನು ಎತ್ತಿದ. ಅದರಡಿ ವೈಫೈ ಪೆಟ್ಟಿಗೆ ಇತ್ತು.

“ಸರ್ರ, ಹಿಂಗ ಮುಚ್ಚಿಟ್ರ ಸಿಗ್ನಲ್ ಹೆಂಗ ಹೊರಗ ಬರಬೇಕ್ರಿ? ಯಾರ ಇಟ್ಟಾರ?”

ನಾನೇ ಇಟ್ಟಿದ್ದೆ. ಪ್ರತಿ ಅಮಾವಾಸ್ಯೆ ಮನೆಯ ಯಂತ್ರಗಳನ್ನು ಒರೆಸಿ, ಕುಂಕುಮ ಹಚ್ಚಿ, ಧೂಳು ಬೀಳದಂತೆ ಮುಚ್ಚುವುದು ನನ್ನ ಶಿಸ್ತು. ಅಂದು ಅಮಾವಾಸ್ಯೆ.

ಪ್ರವೇಶಪತ್ರ ನಿಮಿಷದಲ್ಲಿ ಬಂತು. ಲೈನ್‌ಮನ್‌ಗೆ ಚಹಾ ಕೊಟ್ಟೆ. ತಪ್ಪಾಯಿತೆನ್ನಲು ನಾಲಿಗೆ ಏಳಲಿಲ್ಲ. ಅಂದಿನ ಸಿಟ್ಟು ಇನ್ನೂ ಆರಿಲ್ಲ. ಈಗ ಅದು ನನ್ನ ಮೇಲೆಯೇ.