ಬುಟ್ಟಿಯಲ್ಲಿ ಈಜುತ್ತಿದ್ದ ಬಂಗಡೆಗಳು

ಕಳೆದ ವಾರ ಅಂಕೋಲೆಯ ಸಂತೆಯಲ್ಲಿ ಅಗಸೂರಿನ ಹೆಂಗಸೊಬ್ಬಳಿಂದ ಮುಚ್ಚಳವಿರುವ ಬಿದಿರಿನ ಬುಟ್ಟಿಯೊಂದನ್ನು ಕೊಂಡೆ, ಈರುಳ್ಳಿ ಇಡಲೆಂದು. ಅದನ್ನು ಅಂಗಳದಲ್ಲೇ ಮರೆತಿದ್ದೆ. ನಿನ್ನೆ ಸಂಜೆ ಬಂದ ಮೊದಲ ಮಳೆಗೆ ಅದು ನೆನೆಯಿತು. ಹಸಿ ಬಿದಿರಿನ ವಾಸನೆ ಜಗಲಿ ದಾಟಿ ಒಳಗೆ ಬಂತು. ಆ ವಾಸನೆಯ ಹಿಂದೆಯೇ ಆಚೆಮನೆಯ ಚಿಕ್ಕಪ್ಪನೂ ನೆನಪಾಗಿ ಬಂದ...

ಅವನು ನನಗೆ ರಕ್ತಸಂಬಂಧಿಯಲ್ಲ. ನನ್ನ ಅಪ್ಪನನ್ನು ಅಣ್ಣಾ ಎಂದು ಕರೆಯುತ್ತಿದ್ದುದರಿಂದ ನನಗೆ ಚಿಕ್ಕಪ್ಪನಾಗಿದ್ದ. ಪೇಟೆಯಲ್ಲಿ ಟ್ಯೂನಾ ಎಂದು ಕರೆಸಿಕೊಳ್ಳುವ ದೊಡ್ಡ ಗೇದರ ಮೀನನ್ನು ಬರಿಯ ಕೈದಾರದಲ್ಲಿ ಹಿಡಿಯುವವರಲ್ಲಿ ನಮ್ಮ ಕೇರಿಯಲ್ಲಿ ಕೊನೆಗೆ ಉಳಿದವನು ಅವನೊಬ್ಬನೇ. ಮಳೆಗಾಲ ಕಡಲನ್ನು ಮುಚ್ಚುವ ಮುಂಚಿನ ಕೆಲವು ದಿನ ಗೇದರ ದಡದ ಸಮೀಪಕ್ಕೆ ಬರುತ್ತಿತ್ತು. ಅವನ ಮನೆಯ ಮಳೆಗಾಲವೆಲ್ಲ ಆ ಕೆಲವು ದಿನಗಳ ಮೇಲೆ ನಿಂತಿತ್ತು. ಬೆರಳುಗಳಿಗೆ ಸೈಕಲ್ ಟ್ಯೂಬಿನ ತುಂಡುಗಳನ್ನು ಸುತ್ತಿಕೊಂಡು, ಜೀವಂತ ಬಂಗಡೆಯ ಬೆನ್ನಿನ ತೊಗಲಿಗೆ ಮಾತ್ರ ಗಾಳ ಚುಚ್ಚಿ, ಅದು ತನ್ನಷ್ಟಕ್ಕೆ ಈಜುವಂತೆ ಬಿಡುತ್ತಿದ್ದ. ಗೇದರ ನುಂಗಿ ಓಡಿದಾಗ ದಾರ ಟ್ಯೂಬನ್ನೂ ಕೊರೆಯುತ್ತಿತ್ತಂತೆ.

ಆ ಬಂಗಡೆಗಳನ್ನು ಅವನು ಬೆಳಗಿನ ಜಾವ ನಮ್ಮವರು ದಡದಲ್ಲೇ ನಿಂತು ಕೈರಂಪಣಿ ಬಲೆ ಎಳೆಯುವಲ್ಲಿಗೆ ಬಂದು ಕೇಳುತ್ತಿದ್ದ. ನಮ್ಮಲ್ಲಿ ಅವುಗಳಿಗೆ ಜೀವದ ಮೀನು ಎನ್ನುತ್ತಾರೆ. ಜೀವದ ಮೀನನ್ನು ಮಾರುವಂತಿಲ್ಲ, ಕೇಳಿದವನಿಗೆ ಇಲ್ಲವೆನ್ನುವಂತಿಲ್ಲ. ಜಗಳವಾಡಿ ಮಾತು ಬಿಟ್ಟವರೂ ಕೊಡುತ್ತಿದ್ದರು. ಅಪ್ಪ ಬೇಕೆಂದೇ ಸತ್ತದ್ದೊಂದನ್ನು ಎತ್ತಿಕೊಟ್ಟರೆ ಚಿಕ್ಕಪ್ಪ ಮೂಗು ಮುಚ್ಚಿಕೊಳ್ಳುತ್ತಿದ್ದ: "ಇದ್ಕೆ ಗೇದರ ಬರೂದು ಹೋಗ್ಲಿ ಅಣ್ಣಾ, ನಮ್ಮನೆ ಬೆಕ್ಕೂ ಬರೂದಿಲ್ಲ." ಮತ್ತೆ ತಾನೇ ಬಗ್ಗಿ, ಒದ್ದೆ ಅಂಗೈಯಲ್ಲಿ ಒಂದೊಂದನ್ನೇ ಎತ್ತಿ, ನೀರಿನಲ್ಲಿ ಅರ್ಧ ಮುಳುಗಿಸಿಟ್ಟ ಬಿದಿರಿನ ಬುಟ್ಟಿಗೆ ಬಿಡುತ್ತಿದ್ದ.

ಅಷ್ಟರಲ್ಲಿ ಕಡಲಿನಲ್ಲಿ ಬೆಳಕಿನ ಬೋಟುಗಳು ಬಂದಿದ್ದವು. ಸೂರ್ಯನನ್ನು ನಾಚಿಸುವ ದೀಪ ಉರಿಸಿ, ಮರಿಮೀನನ್ನೂ ಬಿಡದೆ ಬಾಚುವ ಬೋಟುಗಳು. ಅದು ನಿಷೇಧವಾಗಿತ್ತು. ನಿಷೇಧವಾದ ಮೇಲೂ ನಡೆಯುತ್ತಿತ್ತು. ಇತ್ತ ನೌಕಾನೆಲೆಗೆಂದು ಕಾರವಾರದ ದಕ್ಷಿಣದ ದಡಗಳು ಮುಚ್ಚಿದ್ದರಿಂದ ಅಲ್ಲಿಂದ ಎಬ್ಬಿಸಲ್ಪಟ್ಟವರ ದೋಣಿಗಳೂ ಉಳಿದಷ್ಟೇ ನೀರಿನಲ್ಲಿ ಒತ್ತೊತ್ತಾಗಿ ನಿಂತಿದ್ದವು. ಆ ಅನ್ಯಾಯವನ್ನೂ ಯಾರೂ ಕೇಳಲಿಲ್ಲ. ಕಾರವಾರದ ಅಹವಾಲು ಸಭೆಯೊಂದರಲ್ಲಿ ಚಿಕ್ಕಪ್ಪ ಎದ್ದುನಿಂತು ಬೆಳಕಿನ ಬೋಟುಗಳ ಬಗ್ಗೆ ಹೇಳಿಕೆ ಕೊಟ್ಟ. ತಾನು ಕಂಡದ್ದನ್ನು ಮಾತ್ರ ಹೇಳಿದ್ದ.

ಆದರೆ ಆ ಬೋಟುಗಳಲ್ಲಿ ದುಡಿಯುತ್ತಿದ್ದವರು ನಮ್ಮದೇ ಕೇರಿಯ ಹುಡುಗರು. ಕೇರಿಯ ಪಂಚರು ಕೂಡಿದರು. ಹೇಳಿಕೆಯನ್ನು ಅವನು ಹಿಂದಕ್ಕೆ ಪಡೆಯುವವರೆಗೂ ಅವನಿಗೆ ಯಾರೂ ಜೀವದ ಮೀನು ಕೊಡಬಾರದೆಂದು ತೀರ್ಮಾನವಾಯಿತು. ಹೆಂಗಸರಿಗೆ ಆ ಕೂಟದಲ್ಲಿ ಬಾಯಿಲ್ಲ. ನಾನು ಆಗಲೇ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಬಾಗಿಲಲ್ಲಿ ನಿಂತೇ, ಇದು ಬಹಿಷ್ಕಾರ, ಇದು ಅಪರಾಧ ಎಂದೆ. "ಮಾಸ್ತರ್ತಿ, ಇದು ನಿನ್ನ ಕ್ಲಾಸ್ ಅಲ್ಲ" ಎಂದು ಯಾರೋ ನಕ್ಕರು.

ಮರುದಿನ ಚಿಕ್ಕಪ್ಪ ಎಂದಿನಂತೆ ಬಂದ. ಗಾಳಿ ಆಗಲೇ ನೈಋತ್ಯಕ್ಕೆ ತಿರುಗಿತ್ತು. ದೂರದಲ್ಲಿ ಗೇದರಗಳು ನೀರನ್ನು ಒಡೆಯುತ್ತಿದ್ದವು. ಬಲೆಯ ತುಂಬ ಬಂಗಡೆ ಪುಟಿಯುತ್ತಿತ್ತು.

"ಅಣ್ಣಾ, ನಾಕು ಜೀವದ ಮೀನು ಕೊಡು."

ಅಪ್ಪ ಬಲೆಯ ಹಗ್ಗದಿಂದ ಕಣ್ಣೆತ್ತಲಿಲ್ಲ. "ಹೇಳ್ಕೆ ತಿರ್ಗಿ ತಕೊ, ತಮಾ. ಬುಟ್ಟಿ ತುಂಬ ಕೊಡ್ತೆ."

"ನಾ ಮೀನು ಕೇಳೂಕೆ ಬಂದದ್ದು ಮಾರಾಯಾ, ಮಾತು ಮಾರೂಕಲ್ಲ."

ಆಗ ಹಗ್ಗ ಹಿಡಿದಿದ್ದವರಲ್ಲೊಬ್ಬ ಸತ್ತ ಬಂಗಡೆಯೊಂದನ್ನು ಅವನ ಬುಟ್ಟಿಗೆ ಎಸೆದ. "ತಕೊ! ಇದು ಸತ್ತದೆ ಹೇಳಿ ಸಾಹೇಬ್ರಿಗೆ ಇನ್ನೊಂದು ದೂರು ಕೊಡು."

ಎಲ್ಲರೂ ನಕ್ಕರು. ಚಿಕ್ಕಪ್ಪ ಬಗ್ಗಿದ. ಆ ಮೀನನ್ನು ತೆಗೆದು, ಅಲೆಯಲ್ಲಿ ಮರಳು ತೊಳೆದು, ಅಪ್ಪನ ಕಾಲ ಬಳಿ ಇಟ್ಟ. ಖಾಲಿ ಬುಟ್ಟಿಯನ್ನು ದೋಣಿಯ ಬದಿಗೆ ಕಟ್ಟಿಕೊಂಡು ಒಬ್ಬನೇ ಹೊರಟ. ಹೊರಗಿನ ಬಂಡೆಗಳ ಬಳಿ ಸಣ್ಣ ಗಾಳ ಹಾಕಿ ತನ್ನ ಬಂಗಡೆಯನ್ನು ತಾನೇ ಹಿಡಿಯಬೇಕಿತ್ತು. ಆ ಗಾಳಿಯಲ್ಲಿ ಅಲ್ಲಿಗೆ ಯಾರೂ ಹೋಗುತ್ತಿರಲಿಲ್ಲ...

ಮಾರನೆಯ ಮಧ್ಯಾಹ್ನ ದೋಣಿ ಬೆಳಂಬಾರದ ಕಡೆ ಸಿಕ್ಕಿತು. ಅವನಿರಲಿಲ್ಲ. ಅವನು ಎಂದೂ ಸಿಗಲಿಲ್ಲ. ಕೈದಾರವೆಲ್ಲ ಬಿಚ್ಚಿಹೋಗಿ, ಅದರ ಒಂದು ತುದಿ ದೋಣಿಯ ಅಂಚಿಗೆ ಕಟ್ಟಿದಂತೆಯೇ ಇತ್ತು, ಗಾಳದ ಕಡೆ ತುಂಡಾಗಿತ್ತು. ನೀರಿನಲ್ಲಿ ಅರ್ಧ ಮುಳುಗಿದ್ದ ಬುಟ್ಟಿಯ ಮುಚ್ಚಳವನ್ನು ಅಪ್ಪನೇ ತೆರೆದ. ಒಳಗೆ ಬಂಗಡೆಗಳು ಇನ್ನೂ ಈಜುತ್ತಿದ್ದವು.

ಕಡಲು ಅವನನ್ನು ಕರೆದುಕೊಂಡಿತು ಎಂದು ಕೇರಿ ಹೇಳಿತು. ಇಷ್ಟು ವರ್ಷಗಳಾದರೂ ಹಾಗೆಯೇ ಹೇಳುತ್ತದೆ. ನಾನು ಹಾಗೆ ಹೇಳಲಾರೆ. ದೀಪ ಉರಿಸಿದ ಬೋಟಿನ ಒಡೆಯರು, ಹೇಳಿಕೆ ಕೇಳಿ ಸುಮ್ಮನಾದ ಅಧಿಕಾರಿಗಳು, ತೀರ್ಮಾನ ಕೊಟ್ಟ ಪಂಚರು, ಮೀನು ಎಸೆದ ಕೈ, ಕಣ್ಣೆತ್ತದ ನನ್ನ ಅಪ್ಪ, ಇವರೆಲ್ಲ ಸೇರಿ ಅವನನ್ನು ಆ ಬಂಡೆಗಳಿಗೆ ಕಳಿಸಿದರು. ಸಭೆಗಳಲ್ಲಿ ಇದನ್ನು ಹೇಳಿದ್ದೇನೆ, ಅಪ್ಪನ ಎದುರಿಗೂ ಹೇಳಿದ್ದೇನೆ. ಅವನು ಒಮ್ಮೆಯೂ ಅಲ್ಲವೆನ್ನಲಿಲ್ಲ.

ಅಪ್ಪನಿಗೆ ಈಗ ಬಹಳ ವಯಸ್ಸಾಗಿದೆ. ಎಷ್ಟೋ ಹೆಸರುಗಳು ಅವನಿಂದ ಜಾರಿಹೋಗಿವೆ. ಆದರೆ ಗಾಳಿ ನೈಋತ್ಯಕ್ಕೆ ತಿರುಗಿದ ದಿನ ಅವನಿಗೆ ಯಾರೂ ಹೇಳಬೇಕಾಗಿಲ್ಲ. ದಡಕ್ಕೆ ಹೋಗಿ, ಬಲೆ ಎಳೆಯುವವರಿಂದ ನಾಲ್ಕು ಬಂಗಡೆ ಕೇಳಿ ತರುತ್ತಾನೆ. ಹಿತ್ತಲಿನ ನೀಲಿ ಟಬ್ಬಿನಲ್ಲಿ ಉಪ್ಪುನೀರು ತುಂಬಿಸಿ, ಮೀನುಗಳು ಸಾಯದಂತೆ ಅಂಗೈಯಿಂದ ನೀರು ಕಲಕುತ್ತ ಕೂರುತ್ತಾನೆ. ಸತ್ತವರು ಬರುತ್ತಾರೆಂದು ನಾನು ನಂಬುವುದಿಲ್ಲ. ಆದರೂ ಆ ಕಲಕುವ ಸದ್ದು ಕೇಳುವಾಗ ಆಚೆಮನೆಯ ಬೇಲಿಯ ಕಡೆ ನೋಡದೆ ಇರಲಾರೆ...

ಈ ಬೆಳಿಗ್ಗೆ ಎದ್ದಾಗ ಅಂಗಳದಲ್ಲಿ ನನ್ನ ಹೊಸ ಬುಟ್ಟಿ ಇರಲಿಲ್ಲ. ಅದು ಟಬ್ಬಿನ ನೀರಿನಲ್ಲಿ ಅರ್ಧ ಮುಳುಗಿತ್ತು, ಒಳಗೆ ನಾಲ್ಕು ಬಂಗಡೆ. ಅಪ್ಪ ಅದರ ಮುಚ್ಚಳ ಹಿಡಿದು ಕೂತಿದ್ದ.

"ಅವ ಕೇಳೂಕೆ ಬಂದ್ರೆ ಇಲ್ಲ ಹೇಳ್ಬೇಡ, ಮಗಾ."

"ಹೇಳೂದಿಲ್ಲ, ಅಪ್ಪಾ."

ಪ್ರತಿವರ್ಷ ಮೀನು ಬಿಡಲು ಟಬ್ಬನ್ನು ಹೊತ್ತಂತೆ ಈ ಸಲ ಬುಟ್ಟಿಯನ್ನು ಹೊತ್ತು, ತೊಟ್ಟಿಕ್ಕುವ ನೀರಿನಲ್ಲೇ ಬೇಗಬೇಗ ಹಿತ್ತಲಾಚೆ ಹೊಳೆ ಕಡಲು ಸೇರುವ ಅಳಿವೆಗೆ ನಡೆದೆ. ಅಪ್ಪ ಕೋಲೂರಿಕೊಂಡು ಹಿಂದೆ ಬಂದ. ಸೊಂಟದ ನೀರಿನಲ್ಲಿ ನಿಂತು ಬುಟ್ಟಿ ಬಾಗಿಸಿದೆ. ಬಂಗಡೆಗಳು ಹೊರಬಂದ ಮೇಲೂ ಸ್ವಲ್ಪ ಹೊತ್ತು ಬುಟ್ಟಿಯೊಳಗಿದ್ದಂತೆಯೇ ಸುತ್ತಿದವು. ಆಮೇಲೆ ಒಮ್ಮೆಲೇ ಬಂಡೆಗಳ ಕಡೆ ತಿರುಗಿದವು.

"ತಕಂಡ್ನಾ?" ದಡದಿಂದ ಅಪ್ಪ ಕೂಗಿ ಕೇಳಿದ.

ನನ್ನ ಬಾಯಲ್ಲಿ ಹೌದು ಎಂಬ ಮಾತು ಬರಲಿಲ್ಲ. "ಮೀನು ಹೋದ್ವು, ಅಪ್ಪಾ" ಎಂದೆ.