ಪಂಕ್ತಿಯ ಕೊನೆಯ ಎಲೆ

ಮದುವೆಯ ಕರೆಯೋಲೆ ಕೈಗೆ ಬಂದರೆ ನಮ್ಮ ಬಸ್ರೂರಿನವರು ಮೊದಲು ವಿಚಾರಿಸುವುದು ಅಡುಗೆ ಯಾರದೆಂದು. ನಾನು ಮಾತ್ರ ಊಟದ ಪಂಕ್ತಿಯಿಂದ ಬಚ್ಚಲು ಎಷ್ಟು ದೂರವೆಂದು ವಿಚಾರಿಸುವ ವಿಚಿತ್ರ ರಸಿಕ. ಕ್ಯಾನ್ಸರ್ ಹಿಡಿದ ಮೂತ್ರಕೋಶವನ್ನು ವೈದ್ಯರು ತೆಗೆದುಹಾಕಿ, ಹೊಟ್ಟೆಯ ಬಲಕ್ಕೊಂದು ದ್ವಾರವಿಟ್ಟು, ಅದರ ಮೇಲೆ ಚೀಲ ಅಂಟಿಸಿ ಕಳುಹಿಸಿದ ಮೇಲೆ ಹುಟ್ಟಿದ ಅಭಿರುಚಿಯಿದು. ಆಯುಷ್ಯವಿಡೀ ಮಕ್ಕಳಿಗೆ ಚೀಲ ಹೊರಿಸಿದ ಮಾಸ್ತರನಿಗೆ ವಿಧಿ ಕೊಟ್ಟ ನಿವೃತ್ತಿವೇತನವೆಂದು ನೀವು ನಗಬಹುದು, ನಾನೂ ನಗುತ್ತೇನೆ. ಆದರೆ ಚೀಲ ಸೋರಿ ಪಂಚೆ ಒದ್ದೆಯಾದ ದಿನ ನಗು ಬರಲಿಲ್ಲ.

ನಮ್ಮಲ್ಲಿ ಊಟದ ನಡುವೆ ಏಳುವುದೆಂದರೆ ಮನೆಯವರಿಗೆ ಮಾಡಿದ ಅವಮರ್ಯಾದೆ. ಕೊನೆಯವನು ಮಜ್ಜಿಗೆ ಮುಗಿಸುವವರೆಗೆ ಎಲ್ಲರೂ ಎಲೆಯ ಮುಂದೆ ಕೂತಿರಬೇಕು. ಚೀಲಕ್ಕೆ ಈ ಶಿಷ್ಟಾಚಾರ ತಿಳಿಯದು. ಹಾಗಾಗಿ ಮದುವೆ, ಮುಂಜಿ ಎಲ್ಲವನ್ನೂ ಬಿಟ್ಟೆ. ಹೆಂಡತಿ ಒಬ್ಬಳೇ ಹೋಗಿ, ನನಗೆ ಮಂಡಿನೋವೆಂದು ಸುಳ್ಳು ಹೇಳಿ, ಒಬ್ಬಳೇ ಮರಳುತ್ತಿದ್ದಳು. ನಾಚಿಕೆ ನನ್ನನ್ನು ರೋಗಕ್ಕಿಂತ ಚುರುಕಾಗಿ ತಿನ್ನುತ್ತಿತ್ತು.

ಶೀನಣ್ಣ ಸಿಕ್ಕಿದ್ದು ಆಸ್ಪತ್ರೆಯ ಬೆಂಚಿನಲ್ಲಿ. ಮುಂಬೈಯಲ್ಲಿ ಹೋಟೆಲ್ ನಡೆಸಿ ತಮ್ಮೂರು ನಾವುಂದಕ್ಕೆ ಮರಳಿದ್ದವರು. ಅವರ ಹೊಟ್ಟೆಯ ಮೇಲೂ ನನ್ನದರಂಥದೇ ಚೀಲ. ನನ್ನ ಅಜ್ಞಾತವಾಸದ ಕಥೆ ಕೇಳಿ ಅವರೆಂದರು: "ಹ್ವಾಯ್ ಮಾಷ್ಟ್ರೇ, ನಾ ನಿಮ್ ಬದಿಗ್ ಕೂಕಂತೆ. ಏಳ್ಕ್ ಅನ್ಸ್ರೆ ಇಬ್ರೂ ಒಟ್ಟಿಗ್ ಏಳುವ. ಒಬ್ಬ ಎದ್ರೆ ಎಂತ ಆಯ್ತ್ ಅಂತ್ರ್, ಇಬ್ರ್ ಎದ್ರೆ ಪಾಯ್ಸ ಲಾಯ್ಕ್ ಇಲ್ಲೆ ಅಂತ್ರ್."

ಪಾಯಸ ಚೆನ್ನಾಗಿಲ್ಲವೆಂಬ ಈ ಉಪಾಯ ಅಲ್ಲಿಂದ ಶುರುವಾಯಿತು. ನನ್ನ ನಂಟರ ಮದುವೆಗೆ ಅವರು, ಅವರ ಕಡೆಯವರ ಮದುವೆಗೆ ನಾನು; ಕೊನೆಯ ಎಲೆ ನನಗೆ, ಪಕ್ಕದ್ದು ಅವರಿಗೆ. ಮೊಣಕೈ ತಾಗಿಸಿದರೆ ಸಾಕು, ಹೋಳಿಗೆಯನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದರು. ಕುಂದಾಪುರದಿಂದ ಬ್ರಹ್ಮಾವರದವರೆಗೆ ಎಷ್ಟು ಅಡುಗೆಭಟ್ಟರ ಪಾಯಸಕ್ಕೆ ನಾವು ಅಪಕೀರ್ತಿ ತಂದೆವೋ ದೇವರೇ ಬಲ್ಲ.

ಆಮೇಲೆ ಅವರ ರೋಗ ಎಲುಬಿಗಿಳಿಯಿತು. ನೋಡಲು ಹೋದಾಗ ನನ್ನ ಕೈ ಹಿಡಿದು, "ಇನ್ ನಿಮ್ ಒಟ್ಟಿಗೆ ಯಾರ್ ಏಳ್ತ್ರ್ ಮಾಷ್ಟ್ರೇ?" ಎಂದರು. ಸಾಯುತ್ತಿದ್ದವರು ಅವರು, ಅವರಿಗೆ ಚಿಂತೆ ನನ್ನದು.

ಅವರು ತೀರಿಕೊಂಡ ಮೇಲೆ ಬೊಜ್ಜದ ಊಟಕ್ಕೆ ನಾವುಂದಕ್ಕೆ ಹೋದೆ. ಅಭ್ಯಾಸಬಲದಿಂದ ಕೊನೆಯ ಎಲೆಗೇ ಕೂತೆ; ಪಕ್ಕದಲ್ಲಿ ಯಾರೋ ಅಪರಿಚಿತರು. ಪಾಯಸ ಬರುವ ಹೊತ್ತಿಗೆ ಚೀಲ ಭಾರವಾಯಿತು. ನನ್ನ ಮೊಣಕೈ ತಾನಾಗಿ ಆಚೆ ಹೋಗಿ ತಾಗಿತು. ಆ ಮನುಷ್ಯ, ನನಗೆ ಜಾಗ ಸಾಲದೇನೋ ಎಂದು ಸ್ವಲ್ಪ ಸರಿದು ಕೂತರು.

ಬಚ್ಚಲು ಹತ್ತಿರದಲ್ಲೇ ಇತ್ತು. ಆದರೂ ಅಷ್ಟು ದೂರ ಯಾವ ಮದುವೆಮನೆಯಲ್ಲೂ ಕಂಡಿರಲಿಲ್ಲ. ಒಬ್ಬನೇ ಎದ್ದೆ. ಸಾಲಿಗೆ ಸಾಲೇ ತಲೆಯೆತ್ತಿ ನೋಡಿತು. ಬಡಿಸುತ್ತಿದ್ದ ಶೀನಣ್ಣನ ತಮ್ಮ ಪಾಯಸದ ಪಾತ್ರೆ ಹಿಡಿದುಕೊಂಡೇ ಕೇಳಿದರು.

"ಎಂತ ಆಯ್ತ್ ಮಾಷ್ಟ್ರೇ?"

"ಶೀನಣ್ಣ ಇಲ್ಲೆ" ಎಂದೆ.