ಮುಟ್ಟಿ ಕಣ್ಣಿಗೊತ್ತಿಕೊಂಡ ಚೆಂಡು

ರಾಯದುರ್ಗದ ಕಡೆ ಗಾಲ್ಫ್ ಕೋರ್ಸ್ ಇಲ್ಲ. ನನ್ನ ಮೊಮ್ಮಗಳು ಆಟ ಕಲಿತದ್ದು ಕಣೇಕಲ್ಲು ಕೆರೆಯ ನೀರು ಹಿಂದೆ ಸರಿದಾಗ ಉಳಿಯುವ ಬಯಲಿನಲ್ಲಿ. ಅವಳು ಕ್ಲಬ್ ಬೀಸಿ ಮಣ್ಣು ಹಾರಿಸುವುದನ್ನು ನೋಡಿ ದನ ಕಾಯುವ ಹಿರಿಯರೊಬ್ಬರು ಕೇಳಿದ್ದರು, "ಏನ್ರಿ ಟೀಚರಮ್ಮ, ಮೊಮ್ಮಗಳಿಗೆ ಕೆರಿ ಅಗಿಯೋ ಗುತ್ತಿಗಿ ಸಿಕ್ಕೈತೇನ್ರಿ?"

"ಹೌದ್ರಿ, ಕೂಲಿಗೆ ನೀವೂ ಬರ್ರಿ," ಎಂದಿದ್ದೆ.

ಕಾನ್ವೆಂಟಿನಲ್ಲಿ ನಾನು ಥ್ರೋಬಾಲ್ ಕ್ಯಾಪ್ಟನ್. ಮದುವೆಯಾಯಿತು, ಆಟ ಅಲ್ಲಿಗೇ ಮುಗಿಯಿತು. ಹಾಗಾಗಿ ಅವಳು ಪ್ರೊಫೆಷನಲ್ ಆಗಲು ಕ್ವಾಲಿಫೈಯಿಂಗ್ ಆಡಲೆಂದು ಬೆಂಗಳೂರಿಗೆ ಹೊರಟಾಗ, ಬ್ಯಾಗಿನ ಟ್ರಾಲಿ ಎಳೆಯುವ ಕ್ಯಾಡಿ ಕೆಲಸವನ್ನು ನಾನೇ ಕೇಳಿ ಪಡೆದೆ.

ಕೊನೆಯ ದಿನ. ಇನ್ನೆರಡೇ ಹೋಲ್. ಇದ್ದ ಸ್ಕೋರ್ ಕೆಡದಿದ್ದರೆ ಕಾರ್ಡ್ ಅವಳದು, ಅಂದರೆ ವರ್ಷವಿಡೀ ಪ್ರೊ ಟೂರ್ನಿಗಳಲ್ಲಿ ಆಡುವ ಹಕ್ಕು. ಒಂದು ಸ್ಟ್ರೋಕ್, ಅಂದರೆ ಒಂದು ಹೊಡೆತ, ಹೆಚ್ಚಾದರೂ ಇಲ್ಲ. ಅಷ್ಟರಲ್ಲಿ ಅವಳ ಚೆಂಡು ಉದ್ದ ಹುಲ್ಲಿಗೆ ಬಿತ್ತು. ಹುಡುಕುತ್ತಿದ್ದಾಗ ನನ್ನ ಷೂ ತುದಿಗೆ ತಾಗಿತು. ಕದಲಲಿಲ್ಲ. ಹುಡುಕುವಾಗ ಕಾಲು ತಾಗಿದರೆ ರೂಲ್ಸಿನಲ್ಲಿ ಮಾಫಿ ಇದೆ. ಆದರೆ ನನ್ನ ಕೈ ರೂಲ್ಸ್ ಓದಿರಲಿಲ್ಲ. ಪುಸ್ತಕಕ್ಕೋ ಮೊರಕ್ಕೋ ಕಾಲು ತಾಗಿದಾಗ ಮಾಡುವಂತೆ, ಬಗ್ಗಿ ಚೆಂಡನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೆ.

ಬೇಕೆಂದೇ ಕೈಯಿಂದ ಮುಟ್ಟಿದರೆ ಒಂದು ಸ್ಟ್ರೋಕ್ ದಂಡ. ಮುಟ್ಟಿದ್ದು ಕ್ಯಾಡಿಯಾದರೂ ಅಷ್ಟೇ. ಯಾರೂ ನೋಡಿರಲಿಲ್ಲ. ಸುಮ್ಮನಿದ್ದುಬಿಡೋಣ ಎಂದು ಒಂದು ಕ್ಷಣ ಅನ್ನಿಸಿದ್ದು ನಿಜ. ಆದರೂ ಹೇಳಿದೆ.

"ಯಾಕಜ್ಜಿ! ಅದೇನ್ ದೇವ್ರಾ?"

"ಕಾಲು ತಾಗಿತಲ್ಲವ್ವಾ, ಕೈ ತಾನಾಗೇ ಹೋತು."

ಅವಳು ಕೈಯೆತ್ತಿ ರೆಫರಿಯನ್ನು ಕರೆದಳು. ನನ್ನ ಬೆಸ್ಟ್ ಇಂಗ್ಲಿಷಿನಲ್ಲಿ ಎಲ್ಲ ವಿವರಿಸಿದೆ. ಅವರು ತಲೆಯಾಡಿಸುತ್ತ ಪೂರ್ತಿ ಕೇಳಿಸಿಕೊಂಡರು.

"ವೆರಿ ರೆಸ್ಪೆಕ್ಟ್‌ಫುಲ್, ಮೇಡಂ. ಒನ್ ಸ್ಟ್ರೋಕ್."

ಕಳೆದುಕೊಂಡ ಆ ಒಂದು ಹೊಡೆತವನ್ನು ಈಗ ಎಲ್ಲಾದರೂ ಗಳಿಸಲೇಬೇಕು. ಆ ಹೋಲಿನಲ್ಲಿ ಆಗಲಿಲ್ಲ. ಕೊನೆಯದರಲ್ಲಿ ಚೆಂಡಿನಿಂದ ಕುಳಿಗೆ ಎರಡಾಳುದ್ದ ದೂರ; ಒಂದೇ ಹೊಡೆತಕ್ಕೆ ಬಿದ್ದರೆ ಲೆಕ್ಕ ಸರಿ. ಅವಳು ಕುಕ್ಕರಗಾಲಲ್ಲಿ ಕೂತು ನೆಲದ ಇಳಿಜಾರು ನೋಡಿದಳು, ಎದ್ದಳು, ತಡಮಾಡದೆ ತಳ್ಳಿದಳು. ಚೆಂಡು ಇನ್ನೂ ಉರುಳುತ್ತಿದ್ದಾಗಲೇ ನಡೆಯತೊಡಗಿದ್ದಳು, ಅದು ಬೀಳುತ್ತದೆಂದು ಗೊತ್ತಿದ್ದವಳಂತೆ. ಬಿತ್ತು.

"ತೆಗಿ ಅಜ್ಜಿ," ಎಂದಳು. "ಈಗ ಎಷ್ಟ್ ಬೇಕಾದ್ರೂ ಮುಟ್ಟು."

ಕಾರ್ಡ್ ಬಂತು. ಇದು ಅವಳ ಮೂರನೇ ಸೀಸನ್. ಟ್ರಾಲಿ ಇನ್ನೂ ನನ್ನ ಕೈಯಲ್ಲೇ ಇದೆ. ಚೆಂಡು ಹುಲ್ಲಿಗೆ ಹೋದರೆ ಮಾತ್ರ ನನಗೆ ಒಳಗೆ ಪ್ರವೇಶವಿಲ್ಲ.